ಲಾಗಿನ್ ಪಟ್ಟಿಯ ಒಳನೋಟ: ಬಾಗಿಲು ಯಾರಿಗೆ ತೆರೆದಿದೆ ಎಂದು ತೋರಿಸುವ ಸಾಧನ

ದಡ್ಡಿ (ಹುಕ್ಕೇರಿ ತಾಲೂಕು): ಘಟಪ್ರಭೆಯ ದಂಡೆಯಲ್ಲಿರುವ ಈ ಗ್ರಾಮದ ರೈತನೊಬ್ಬನ ಉತಾರದಲ್ಲಿ ಹೆಸರು ಬದಲಾಗಬೇಕಾದರೆ ಒಂದು ಕಾಲಕ್ಕೆ ಚಾವಡಿಯಲ್ಲಿ ಕುಳಿತ ತಲಾಟಿಯ ಲೇಖನಿಯೇ ಮುಖ್ಯವಾಗಿತ್ತು. ಇಂದು ಅದೇ ಕೆಲಸಕ್ಕೆ ಗಣಕಯಂತ್ರದ ಮುಂದೆ ಅಧಿಕಾರಿಯೊಬ್ಬರು ತಮ್ಮ ಗುರುತನ್ನು ಸಾಬೀತುಪಡಿಸಿ ‘ಲಾಗಿನ್’ ಆಗಬೇಕು. ಪಂಚಾಯಿತಿಯಲ್ಲಿ ಮನೆಯ ಇ-ಸ್ವತ್ತು ನಮೂನೆ ಪಡೆಯುವುದಿರಲಿ, ಪಡಿತರ ಚೀಟಿಗೆ ಹೆಸರು ಸೇರಿಸುವುದಿರಲಿ, ಬ್ಯಾಂಕಿನಲ್ಲಿ ಸಾಲದ ಖಾತೆ ತೆರೆಯುವುದಿರಲಿ, ಸಿಬ್ಬಂದಿಯ ಮೊದಲ ಹೆಜ್ಜೆ ಅದೇ. ಜನರ ಆಸ್ತಿ, ಅನ್ನ, ಹಣ ಮೂರೂ ಈ ಒಂದು ಹೆಜ್ಜೆಯ ಆಚೆಗಿವೆ.

ಪರದೆಯ ಮೇಲೆ ಹೆಸರು ಮತ್ತು ಗುಪ್ತಪದ ಬರೆದ ವ್ಯಕ್ತಿ ನಿಜಕ್ಕೂ ಆ ಕಚೇರಿಯವರೇ, ಇಂದಿಗೂ ಅದೇ ಹುದ್ದೆಯಲ್ಲಿದ್ದಾರೆಯೇ ಎಂದು ತೀರ್ಮಾನಿಸುವವರು ಯಾರು? ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ತಂತ್ರಾಂಶವೂ ಈ ತೀರ್ಮಾನವನ್ನು ತಾನೇ ಕೈಗೊಳ್ಳುವುದಿಲ್ಲ. ಸಿಬ್ಬಂದಿಯೆಲ್ಲರ ಹೆಸರುಗಳಿರುವ ಒಂದು ಮೂಲ ಪಟ್ಟಿಯನ್ನು ಕೇಳಿ ತಿಳಿದುಕೊಳ್ಳುತ್ತದೆ. ಈ ಪಟ್ಟಿಗೆ ‘ಡೈರೆಕ್ಟರಿ’ ಎಂದು ಹೆಸರು. ಪಟ್ಟಿ ಇರುವ ಯಂತ್ರ ಯಾವುದು, ಅದರಲ್ಲಿ ಎಲ್ಲಿ ಹುಡುಕಬೇಕು, ಯಾರನ್ನು ಒಳಬಿಡಬೇಕು, ಎಷ್ಟು ಬಾರಿ ತಪ್ಪಿದರೆ ಬಾಗಿಲು ಮುಚ್ಚಬೇಕು ಎಂಬ ನಿಯಮಗಳೇ ಡೈರೆಕ್ಟರಿಯ ಲಾಗಿನ್ ಸೆಟ್ಟಿಂಗ್‌ಗಳು. ಅವುಗಳನ್ನು ಬದಲಿಸದೆ, ಇದ್ದದ್ದನ್ನು ಇದ್ದಂತೆ ತೆರೆದು ತೋರಿಸುವ ಸಾಧನಗಳಿವೆ. ಆದರೆ ತಂತ್ರಜ್ಞರ ವಲಯದ ಆಚೆಗೆ ಅವುಗಳ ಪರಿಚಯ ಇರುವುದು ಅಪರೂಪ.

ಅಪರೂಪವಾಗಿರುವುದೇ ಇಲ್ಲಿನ ತೊಂದರೆ. ಕಚೇರಿಯ ಮುಖ್ಯಸ್ಥರಿಗೆ ಕಪಾಟುಗಳ ಕೀಲಿಕೈ ಯಾರ ಬಳಿ ಇದೆ ಎಂಬುದು ಗೊತ್ತಿರುತ್ತದೆ. ಗಣಕಯಂತ್ರದ ಬಾಗಿಲಿನ ವಿಷಯ ಬಂದಾಗ ಮಾತ್ರ ‘ಅದನ್ನು ಕಂಪ್ಯೂಟರ್ ಹುಡುಗ ನೋಡಿಕೊಳ್ಳುತ್ತಾನೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಹುಡುಗ ಗುತ್ತಿಗೆ ಮುಗಿದು ಬೆಂಗಳೂರಿಗೋ ಪುಣೆಗೋ ಹೊರಟುಹೋದರೆ, ತನ್ನ ಬಾಗಿಲುಗಳೆಷ್ಟು ಎಂಬುದು ಕಚೇರಿಗೇ ತಿಳಿಯದು.

ದೂರವಾಣಿ ಪುಸ್ತಕದ ವಂಶಸ್ಥ

ಡೈರೆಕ್ಟರಿ ಎಂಬ ಪದ ಕೇಳಿದೊಡನೆ ಹಳೆಯ ದಪ್ಪನೆಯ ದೂರವಾಣಿ ಪುಸ್ತಕ ನೆನಪಾಗುವುದು ಸಹಜ. ಸಂಬಂಧವೂ ಅಲ್ಲಿಂದಲೇ ಬಂದಿದೆ. ಜಗತ್ತಿನ ಜನರನ್ನೂ ಸಂಸ್ಥೆಗಳನ್ನೂ ಒಂದೇ ಕ್ರಮದಲ್ಲಿ ಪಟ್ಟಿ ಮಾಡಬೇಕೆಂಬ ಉದ್ದೇಶದಿಂದ ಅಂತಾರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯು 1988ರಲ್ಲಿ ‘ಎಕ್ಸ್.500’ ಎಂಬ ಮಾನಕವನ್ನು ಪ್ರಕಟಿಸಿತು. ಆಲೋಚನೆ ಭವ್ಯವಾಗಿತ್ತು, ಆದರೆ ಅಂದಿನ ಸಣ್ಣ ಗಣಕಯಂತ್ರಗಳಿಗೆ ಅದು ಹೊರಲಾರದ ಹೊರೆ. 1993ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು ಅದನ್ನೇ ಹಗುರಗೊಳಿಸಿ ‘ಎಲ್‌ಡಿಎಪಿ’ ಎಂಬ ಸಂವಹನ ಕ್ರಮವನ್ನು ರೂಪಿಸಿದರು. ಇದರ ಮೊದಲ ಅಕ್ಷರವೇ ‘ಹಗುರ’ ಎಂಬ ಅರ್ಥದ್ದು. 1997ರಲ್ಲಿ ಬಂದ ಇದರ ಮೂರನೆಯ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ. 1998ರಲ್ಲಿ ‘ಓಪನ್ ಎಲ್‌ಡಿಎಪಿ’ ಎಂಬ ಮುಕ್ತ ತಂತ್ರಾಂಶದ ಯೋಜನೆ ಆರಂಭವಾಯಿತು. 2000ದ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ 2000 ಸರ್ವರ್ ಜೊತೆಗೆ ‘ಆ್ಯಕ್ಟಿವ್ ಡೈರೆಕ್ಟರಿ’ಯನ್ನು ಹೊರತಂದ ಮೇಲೆ ಕಂಪನಿ, ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ಈ ಪದ್ಧತಿ ಬೇರೂರಿತು.

ಡೈರೆಕ್ಟರಿಯ ರಚನೆ ಮರದಂತೆ ಇರುತ್ತದೆ. ಒಂದು ಇಲಾಖೆಯ ಪಟ್ಟಿಯನ್ನು ಕಲ್ಪಿಸಿಕೊಳ್ಳುವುದಾದರೆ ರಾಜ್ಯ ಬೇರು, ಬೆಳಗಾವಿ ಕೊಂಬೆ, ಹುಕ್ಕೇರಿ ರೆಂಬೆ, ದಡ್ಡಿಯ ನೌಕರ ಎಲೆ. ಪ್ರತಿಯೊಬ್ಬ ಬಳಕೆದಾರನ ಪೂರ್ಣ ವಿಳಾಸವನ್ನು ಎಲೆಯಿಂದ ಬೇರಿನ ಕಡೆಗೆ ಬರೆಯುತ್ತಾರೆ. ನಮ್ಮ ಅಂಚೆಯ ವಿಳಾಸವೂ ಹಾಗೆಯೇ ಅಲ್ಲವೇ? ಮೊದಲು ಹೆಸರು, ಆಮೇಲೆ ಊರು, ತಾಲೂಕು, ಜಿಲ್ಲೆ.

ನೀರಿನ ಮಟ್ಟ ನೋಡುವವರು, ಗೇಟು ಎತ್ತುವವರು

ನೋಡುವ ಸಾಧನಕ್ಕೂ ಬದಲಿಸುವ ಸಾಧನಕ್ಕೂ ಇರುವ ಅಂತರವನ್ನು ತಿಳಿಯಲು ದಡ್ಡಿಯ ಓದುಗರು ದೂರ ಹೋಗಬೇಕಿಲ್ಲ. ಇಲ್ಲಿ ಘಟಪ್ರಭೆಗೆ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಅಳತೆಪಟ್ಟಿಯನ್ನು ನೋಡಿ ನೀರಿನ ಮಟ್ಟ ಬರೆದುಕೊಳ್ಳುವವರು ನದಿಯನ್ನು ಏರಿಸಲಾರರು, ಇಳಿಸಲಾರರು. ಕೆಳಗೆ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯದ ಗೇಟು ಎತ್ತುವ ಅಧಿಕಾರವೇ ಬೇರೆ. ಮಟ್ಟವನ್ನು ಎಷ್ಟು ಮಂದಿ ನೋಡಿದರೂ ಹಾನಿಯಿಲ್ಲ. ಗೇಟಿನ ಚಕ್ರ ಎಲ್ಲರ ಕೈಗೆ ಸಿಗಬಾರದು.

ಡೈರೆಕ್ಟರಿಯ ಲೋಕದಲ್ಲಿ ಈ ಎರಡು ಕೆಲಸಗಳು ಬಹಳ ಸಲ ಒಂದೇ ಪರದೆಯಲ್ಲಿ ಬೆರೆತುಹೋಗಿವೆ. ಮೈಕ್ರೋಸಾಫ್ಟ್‌ನ ‘ಎಡಿಎಸ್‌ಐ ಎಡಿಟ್’ ಪಟ್ಟಿಯ ಪ್ರತಿಯೊಂದು ಅಂಶವನ್ನೂ ತೋರಿಸುತ್ತದೆ, ಒಂದು ಕ್ಲಿಕ್ಕಿನಲ್ಲಿ ಅಳಿಸಲೂ ಬಿಡುತ್ತದೆ. ‘ಎಡಿ ಎಕ್ಸ್‌ಪ್ಲೋರರ್’ ಎಂಬ ಉಚಿತ ಸಾಧನ ಇಡೀ ಪಟ್ಟಿಯ ಛಾಯಾಪ್ರತಿ ತೆಗೆದಿಟ್ಟುಕೊಂಡು ಆಮೇಲೆ ಸಂಪರ್ಕವಿಲ್ಲದೆಯೇ ನೋಡುವ ಸೌಲಭ್ಯ ಕೊಡುತ್ತದೆ; ಎರಡು ದಿನಾಂಕಗಳ ಪ್ರತಿಗಳನ್ನು ಹೋಲಿಸಿ ಏನು ಬದಲಾಯಿತೆಂದು ತಿಳಿಯಲೂಬಹುದು. ಲಿನಕ್ಸ್ ಬಳಸುವವರ ‘ಎಲ್‌ಡಿಎಪಿ ಸರ್ಚ್’ ಎಂಬ ಆದೇಶ ಕೇವಲ ಹುಡುಕುತ್ತದೆ, ಬರೆಯುವುದಿಲ್ಲ. ‘ಪಿಂಗ್ ಕ್ಯಾಸಲ್’ನಂಥ ಸಾಧನ ಪಟ್ಟಿಯನ್ನೆಲ್ಲ ಓದಿ ವೈದ್ಯಕೀಯ ತಪಾಸಣೆಯ ವರದಿಯಂತೆ ದೋಷಗಳ ಯಾದಿಯನ್ನು ಮುಂದಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಾಧನ ‘ಓದಲು ಮಾತ್ರ’ ಎಂದು ಹೇಳಿಕೊಂಡರೆ ಸಾಲದು. ಅದನ್ನು ಯಾರ ಖಾತೆಯಿಂದ ತೆರೆಯಲಾಗಿದೆಯೋ ಆ ಖಾತೆಗೆ ಓದುವ ಹಕ್ಕು ಮಾತ್ರ ಇರಬೇಕು. ಪರಮಾಧಿಕಾರಿಯ ಖಾತೆಯಿಂದ ತೆರೆದರೆ ಅಳತೆಪಟ್ಟಿ ನೋಡಲು ಬಂದವರ ಕೈಗೆ ಗೇಟಿನ ಚಕ್ರವನ್ನೂ ಕೊಟ್ಟಂತೆಯೇ.

ಪರದೆಯ ಮೇಲೆ ಕಾಣುವುದೇನು?

ಮೊದಲು ಕಾಣುವುದು ಡೈರೆಕ್ಟರಿ ಇರುವ ಯಂತ್ರದ ವಿಳಾಸ ಮತ್ತು ಒಂದು ದ್ವಾರಸಂಖ್ಯೆ. ಸಾಮಾನ್ಯವಾಗಿ ಅದು 389 ಅಥವಾ 636 ಆಗಿರುತ್ತದೆ. 636 ಎಂದಿದ್ದರೆ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ ನಡೆಯುತ್ತದೆ. 389 ಎಂದಿದ್ದು, ಸಂಭಾಷಣೆಯ ಆರಂಭದಲ್ಲೇ ಗೂಢಲಿಪಿಗೆ ಹೊರಳುವ ‘ಸ್ಟಾರ್ಟ್ ಟಿಎಲ್‌ಎಸ್’ ಎಂಬ ವ್ಯವಸ್ಥೆಯೂ ಇಲ್ಲದೆ, ಸರಳ ವಿಧಾನದಲ್ಲಿ ಲಾಗಿನ್ ನಡೆಯುತ್ತಿದ್ದರೆ ನೌಕರರ ಗುಪ್ತಪದಗಳು ಪೋಸ್ಟ್ ಕಾರ್ಡಿನ ಮೇಲೆ ಬರೆದ ಪತ್ರದಂತೆ ತಂತಿಯಲ್ಲಿ ಸಾಗುತ್ತಿರುತ್ತವೆ. ನಡುವೆ ಕುಳಿತವನು ಓದಿಕೊಳ್ಳಬಹುದು. ಒಂದೇ ಸಾಲಿನ ಈ ಮಾಹಿತಿ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಲು ಕಾರಣ ಸರಳ. ಲಾಗಿನ್ ಎರಡೂ ರೀತಿಯಲ್ಲಿ ಆಗುತ್ತದೆ, ಕೆಲಸ ನಿಲ್ಲುವುದಿಲ್ಲ.

ಮುಂದಿನದು ‘ಹುಡುಕಾಟದ ಬುಡ’. ಮರದ ಯಾವ ಕೊಂಬೆಯಿಂದ ಕೆಳಗೆ ಹೆಸರು ಹುಡುಕಬೇಕು ಎಂಬ ಸೂಚನೆ ಇದು. ಉದಾಹರಣೆಗೆ ಊಹಿಸಿಕೊಳ್ಳೋಣ. ಯಾವುದೋ ಇಲಾಖೆಯ ತಂತ್ರಾಂಶದಲ್ಲಿ ಹುಡುಕಾಟದ ಬುಡ ‘ಗೋಕಾಕ’ ಎಂದಿದೆ. ಮೂಡಲಗಿ ಪ್ರತ್ಯೇಕ ತಾಲೂಕಾದ ಮೇಲೆ ಅಲ್ಲಿನ ನೌಕರರ ಹೆಸರುಗಳನ್ನು ಹೊಸ ಕೊಂಬೆಗೆ ವರ್ಗಾಯಿಸಲಾಗಿದೆ. ಹೆಸರೂ ಸರಿ, ಗುಪ್ತಪದವೂ ಸರಿ. ಆದರೂ ಮರುದಿನ ಮೂಡಲಗಿಯ ಕಚೇರಿಯಲ್ಲಿ ಯಾರಿಗೂ ಲಾಗಿನ್ ಆಗುವುದಿಲ್ಲ. ‘ಬಳಕೆದಾರ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಸೆಟ್ಟಿಂಗ್ ನೋಡುವ ಸಾಧನವಿದ್ದರೆ ಇದು ಎರಡು ನಿಮಿಷದಲ್ಲಿ ಬಗೆಹರಿಯುವ ಸಮಸ್ಯೆ. ಇಲ್ಲದಿದ್ದರೆ ಗುಪ್ತಪದ ಬದಲಿಸು, ಯಂತ್ರ ಬದಲಿಸು ಎಂದು ಎರಡು ದಿನ ಕಳೆಯುತ್ತದೆ, ಜನರು ಸರದಿಯಲ್ಲಿ ನಿಂತು ಮರಳುತ್ತಾರೆ.

ಮೂರನೆಯದು ‘ಸೇವಾ ಖಾತೆ’. ತಂತ್ರಾಂಶವು ಡೈರೆಕ್ಟರಿಯನ್ನು ಪ್ರಶ್ನಿಸಬೇಕಾದರೆ ಅನೇಕ ಸಲ ಅದು ತಾನೇ ಮೊದಲು ಲಾಗಿನ್ ಆಗಬೇಕಾಗುತ್ತದೆ. ಅದಕ್ಕೆಂದು ಮನುಷ್ಯನದಲ್ಲದ ಒಂದು ಖಾತೆಯನ್ನು ತೆರೆಯುತ್ತಾರೆ. ಹೆಸರುಗಳನ್ನು ಓದುವಷ್ಟು ಹಕ್ಕು ಇದ್ದರೆ ಅದಕ್ಕೆ ಬೇಕಾದಷ್ಟಾಯಿತು. ಆದರೆ ಅವಸರದಲ್ಲಿ ಅಳವಡಿಸುವವರು ‘ಹೇಗೂ ಕೆಲಸ ಆಗಲಿ’ ಎಂದು ಪರಮಾಧಿಕಾರದ ಖಾತೆಯನ್ನೇ ಇಲ್ಲಿ ಬರೆದುಬಿಡುವುದುಂಟು. ವರ್ಷಗಳ ನಂತರವೂ ಅದು ಹಾಗೆಯೇ ಇರುತ್ತದೆ.

ನಾಲ್ಕನೆಯದಾದ ‘ಶೋಧಕ’ದ ಸಾಲು ಚಿಕ್ಕದು, ಪರಿಣಾಮ ದೊಡ್ಡದು. ‘ಲೆಕ್ಕಪತ್ರ ವಿಭಾಗದ ಗುಂಪಿನ ಸದಸ್ಯರನ್ನು ಮಾತ್ರ ಒಳಬಿಡು’ ಎಂಬಂಥ ಷರತ್ತು ಅಲ್ಲಿರುತ್ತದೆ. ಆ ಸಾಲು ಖಾಲಿ ಇದ್ದು, ತಂತ್ರಾಂಶದ ಒಳಗೂ ಬೇರೆ ತಡೆ ಇಲ್ಲದಿದ್ದರೆ, ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ವೇತನದ ತಂತ್ರಾಂಶಕ್ಕೆ ಕಾಲಿಡಬಹುದು.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಬಿರುಕು ಎಲ್‌ಡಿಎಪಿಯ ಮೂಲ ನಿಯಮಗಳಲ್ಲೇ ಇದೆ. ಹೆಸರು ಕೊಟ್ಟು ಗುಪ್ತಪದದ ಜಾಗವನ್ನು ಖಾಲಿ ಬಿಟ್ಟರೆ ಕೆಲವು ಸರ್ವರ್‌ಗಳು ಅದನ್ನು ‘ಅನಾಮಧೇಯ ಭೇಟಿ’ ಎಂದು ತಿಳಿದು ‘ಸರಿ’ ಎಂದು ಉತ್ತರಿಸುತ್ತವೆ. ಕೇಳಿದ ತಂತ್ರಾಂಶ ಅಜಾಗರೂಕವಾಗಿದ್ದರೆ ಆ ‘ಸರಿ’ಯನ್ನು ‘ಗುಪ್ತಪದ ಸರಿಯಾಗಿದೆ’ ಎಂದು ಅರ್ಥೈಸಿಕೊಂಡು ಬಾಗಿಲು ತೆರೆದೇಬಿಡುತ್ತದೆ. ಮಾನಕದ ದಾಖಲೆಯಲ್ಲೇ ಈ ಕುರಿತು ಎಚ್ಚರಿಕೆ ಇದೆ. ಸರ್ವರ್‌ಗಳು ಇಂಥ ಕೋರಿಕೆಯನ್ನು ತಿರಸ್ಕರಿಸಬೇಕು, ತಂತ್ರಾಂಶಗಳು ಖಾಲಿ ಗುಪ್ತಪದವನ್ನು ಮುಂದಕ್ಕೆ ಕಳುಹಿಸಲೇಬಾರದು ಎಂಬುದು ಅಲ್ಲಿನ ಸಲಹೆ.

ಗುಪ್ತಪದದ ನಿಯಮಗಳಿಗೆ ಬಂದರೆ, ಆ್ಯಕ್ಟಿವ್ ಡೈರೆಕ್ಟರಿಯನ್ನು ಹೊಸದಾಗಿ ಸ್ಥಾಪಿಸಿ ಏನನ್ನೂ ಮುಟ್ಟದೆ ಬಿಟ್ಟಾಗ ಕಾಣುವ ಅಂಕಿಗಳು ಹೀಗಿವೆ: ಗುಪ್ತಪದ ಕನಿಷ್ಠ 7 ಅಕ್ಷರ, ಆಯುಷ್ಯ 42 ದಿನ, ಹಿಂದಿನ 24 ಗುಪ್ತಪದಗಳ ಮರುಬಳಕೆ ನಿಷಿದ್ಧ, ಖಾತೆಗೆ ಬೀಗ ಬೀಳುವ ತಪ್ಪು ಪ್ರಯತ್ನಗಳ ಸಂಖ್ಯೆ 0. ಈ ಕೊನೆಯ ಸೊನ್ನೆಯನ್ನು ಅನೇಕರು ತಪ್ಪಾಗಿ ಓದುತ್ತಾರೆ. ಒಂದು ತಪ್ಪಿಗೂ ಅವಕಾಶವಿಲ್ಲ ಎಂಬುದು ಇದರ ಅರ್ಥವಲ್ಲ. ಎಷ್ಟು ಬಾರಿ ತಪ್ಪಿದರೂ ಬೀಗ ಬೀಳುವುದಿಲ್ಲ ಎಂದು. ಹಾಗೆಂದು 3 ಎಂದು ಬಿಗಿಗೊಳಿಸಿದರೆ ಇನ್ನೊಂದು ತೊಡಕು. ಕಿಡಿಗೇಡಿಯೊಬ್ಬ ಅಧಿಕಾರಿಯ ಹೆಸರಿನಲ್ಲಿ ಬೇಕೆಂದೇ ಮೂರು ಬಾರಿ ತಪ್ಪು ಗುಪ್ತಪದ ಒತ್ತಿ ಅವರ ಖಾತೆಗೆ ಬೀಗ ಬೀಳುವಂತೆ ಮಾಡಬಹುದು. ನಲವತ್ತೆರಡು ದಿನಕ್ಕೊಮ್ಮೆ ಗುಪ್ತಪದ ಬದಲಿಸುವ ಪದ್ಧತಿಯ ಬಗೆಗೂ ತಜ್ಞರ ಅಭಿಪ್ರಾಯ ಬದಲಾಗಿದೆ. ಅಮೆರಿಕದ ಮಾನಕ ಸಂಸ್ಥೆ ‘ನಿಸ್ಟ್’ 2017ರಲ್ಲಿ, ಮೈಕ್ರೋಸಾಫ್ಟ್ 2019ರಲ್ಲಿ ಕಾಲಕಾಲಕ್ಕೆ ಕಡ್ಡಾಯ ಬದಲಾವಣೆಯ ಸಲಹೆಯನ್ನು ಕೈಬಿಟ್ಟವು. ಪದೇ ಪದೇ ಬದಲಿಸಬೇಕಾದಾಗ ಜನ ಹಳೆಯ ಪದದ ಕೊನೆಗೆ 1, 2, 3 ಸೇರಿಸುತ್ತಾ ಹೋಗುತ್ತಾರೆ ಅಥವಾ ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುತ್ತಾರೆ ಎಂಬುದು ಯಾವ ಕಚೇರಿಗೂ ಹೊಸ ಸುದ್ದಿಯೇನಲ್ಲ.

ಪ್ರತಿ ಖಾತೆಯ ಎದುರಿಗೆ ಕಾಣುವ ಕೆಲವು ಸಂಖ್ಯೆಗಳು ಮೊದಲ ಬಾರಿ ನೋಡುವವರನ್ನು ದಿಗಿಲುಗೊಳಿಸುತ್ತವೆ. 512 ಎಂದರೆ ಸಾಮಾನ್ಯ ಚಾಲ್ತಿ ಖಾತೆ. 514 ಎಂದರೆ ನಿಷ್ಕ್ರಿಯಗೊಳಿಸಿದ ಖಾತೆ. 66048 ಎಂದರೆ ಚಾಲ್ತಿಯಲ್ಲಿದೆ, ಗುಪ್ತಪದಕ್ಕೆ ಎಂದೂ ಅವಧಿ ಮುಗಿಯುವುದಿಲ್ಲ. ಮೂರನೆಯ ಬಗೆಯವು ಕಂಡಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆಯುವುದು ಒಳ್ಳೆಯದು. ಇನ್ನು ಕೊನೆಯ ಲಾಗಿನ್ನಿನ ಸಮಯ 18 ಅಂಕಿಗಳ ಸಂಖ್ಯೆಯಾಗಿ ಕಾಣಿಸುವುದುಂಟು. ಕ್ರಿ.ಶ. 1601ರ ಜನವರಿ 1ರಿಂದ ಈಚೆಗೆ ಸೆಕೆಂಡಿನ ಕೋಟಿಯ ಒಂದು ಭಾಗದ ಲೆಕ್ಕದಲ್ಲಿ ಎಣಿಸಿದ ಕಾಲ ಅದು. ಬಿಜಾಪುರದಲ್ಲಿ ಆದಿಲ್‌ಶಾಹಿಗಳು ಆಳುತ್ತಿದ್ದ ವರ್ಷದಿಂದ ಎಣಿಕೆ ಆರಂಭಿಸಿ ನಿನ್ನೆಯ ಹಾಜರಿ ಹೇಳುವ ಈ ಲೆಕ್ಕವನ್ನು ಉತ್ತಮ ಸಾಧನಗಳು ಸಾಮಾನ್ಯ ದಿನಾಂಕವಾಗಿ ಪರಿವರ್ತಿಸಿ ತೋರಿಸುತ್ತವೆ.

ಉತಾರ ಕಲಿಸಿದ ಪಾಠ

ಲಾಗಿನ್ ಯಾರದ್ದು ಎಂಬ ಪ್ರಶ್ನೆಯನ್ನು ಕರ್ನಾಟಕವು ಬಹಳ ಮೊದಲೇ ಎದುರಿಸಿದೆ. 2000ದ ದಶಕದ ಆರಂಭದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಕಂದಾಯ ಇಲಾಖೆ ‘ಭೂಮಿ’ ಯೋಜನೆಯನ್ನು ಜಾರಿಗೆ ತಂದಾಗ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ಉತಾರಕ್ಕೆ ಮಾನ್ಯತೆ ರದ್ದಾಯಿತು. 15 ರೂಪಾಯಿ ಕೊಟ್ಟು ತಾಲೂಕಿನ ಕಿಯೋಸ್ಕ್‌ನಲ್ಲಿ ಪ್ರತಿ ಪಡೆಯುವ ಪದ್ಧತಿ ಬಂತು. ಯೋಜನೆಯ ನೇತೃತ್ವ ವಹಿಸಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಹೆಸರು ಆಡಳಿತ ಸುಧಾರಣೆಯ ಚರ್ಚೆಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಭೂಮಿಯಲ್ಲಿ ಗಮನಿಸಬೇಕಾದದ್ದು ಗುಪ್ತಪದವನ್ನು ಮಾತ್ರ ನೆಚ್ಚಿಕೊಳ್ಳದೆ ಬೆರಳಚ್ಚನ್ನು ಬಳಸಿದ ನಿರ್ಧಾರ. ಗುಪ್ತಪದವನ್ನು ಸಹೋದ್ಯೋಗಿಗೆ ಹೇಳಿಕೊಡಬಹುದು, ಆಮೇಲೆ ‘ನಾನು ಮಾಡಲಿಲ್ಲ’ ಎನ್ನಬಹುದು. ಬೆರಳನ್ನು ಎರವಲು ಕೊಡಲಾಗದು. ವರ್ಗಾವಣೆಯ ನೋಂದು, ಅಂದರೆ ಮ್ಯುಟೇಶನ್, ಯಾರ ಬೆರಳಿನಿಂದ ಯಾವ ಸಮಯಕ್ಕೆ ಅನುಮೋದನೆಯಾಯಿತು ಎಂಬುದು ದಾಖಲಾಗುವ ವ್ಯವಸ್ಥೆ ಆಗಲೇ ಬಂತು. ಅಣ್ಣ-ತಮ್ಮಂದಿರ ನಡುವೆ ಹೊಲದ ವ್ಯಾಜ್ಯ ನ್ಯಾಯಾಲಯ ತಲುಪಿದಾಗ ಇದು ಸಣ್ಣ ಸಂಗತಿಯಲ್ಲ.

ಆದರೆ ಬೆರಳಚ್ಚು ಉತ್ತರಿಸುವುದು ‘ಈ ವ್ಯಕ್ತಿ ಯಾರು’ ಎಂಬ ಪ್ರಶ್ನೆಗೆ ಮಾತ್ರ. ‘ಈ ವ್ಯಕ್ತಿ ಈಗ ಪಟ್ಟಿಯಲ್ಲಿ ಇರಬೇಕೆ’ ಎಂಬುದು ಬೇರೆಯೇ ಪ್ರಶ್ನೆ. ನೌಕರರೊಬ್ಬರಿಗೆ ಹುಕ್ಕೇರಿಯಿಂದ ಅಥಣಿಗೆ ವರ್ಗವಾದರೆ ಆದೇಶ ಕಾಗದದ ಮೇಲೆ ಅಂದೇ ಬರುತ್ತದೆ. ಲಾಗಿನ್ ಪಟ್ಟಿಯಲ್ಲಿ ಆ ಬದಲಾವಣೆ ತಾನಾಗಿ ಆಗಬೇಕಾದರೆ ಎರಡು ವ್ಯವಸ್ಥೆಗಳು ಒಂದಕ್ಕೊಂದು ಜೋಡಣೆಯಾಗಿರಬೇಕು; ಇಲ್ಲವೇ ಯಾರಾದರೂ ನೆನಪಿಟ್ಟು ಮಾಡಬೇಕು. ತಂತ್ರಾಂಶಗಳ ಸಂಖ್ಯೆ ಹೆಚ್ಚಿದಂತೆ ಈ ನೆನಪಿನ ಭಾರವೂ ಹೆಚ್ಚುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಆ್ಯಪ್ ಎಂಬ ಹೊರೆಯ ವಿರುದ್ಧ 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯವ್ಯಾಪಿ ಮುಷ್ಕರ ನಡೆಸಿದ್ದು ಓದುಗರಿಗೆ ನೆನಪಿರಬಹುದು. ಸರ್ಕಾರಿ ನೌಕರರು ಒಂದೇ ಗುರುತಿನಿಂದ ಹಲವು ತಂತ್ರಾಂಶಗಳನ್ನು ಪ್ರವೇಶಿಸಲು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ‘ಪರಿಚಯ್’ ವ್ಯವಸ್ಥೆಯ ಹಿಂದಿರುವುದೂ ಇದೇ ತರ್ಕ. ಪಟ್ಟಿ ಒಂದೇ ಆದರೆ ಹೆಸರು ತೆಗೆಯಬೇಕಾದ ಜಾಗವೂ ಒಂದೇ. ಹಾಗೆಯೇ, ಆ ಒಂದು ಪಟ್ಟಿ ಕೆಟ್ಟರೆ ಎಲ್ಲ ಬಾಗಿಲುಗಳೂ ಒಟ್ಟಿಗೆ ಕೆಡುತ್ತವೆ ಎಂಬುದನ್ನೂ ಹೇಳಲೇಬೇಕು.

ತೆಗೆಯದೆ ಬಿಟ್ಟ ಒಂದು ಖಾತೆ ಏನು ಮಾಡಬಲ್ಲದು ಎಂಬುದಕ್ಕೆ 2021ರ ಮೇ ತಿಂಗಳಲ್ಲಿ ಅಮೆರಿಕದ ‘ಕಲೋನಿಯಲ್ ಪೈಪ್‌ಲೈನ್’ ಕಂಪನಿಗೆ ಒದಗಿದ ಸ್ಥಿತಿಯೇ ಸಾಕ್ಷಿ. ಬಳಕೆಯಲ್ಲಿಲ್ಲದ, ಆದರೆ ಮುಚ್ಚಿರದ ಒಂದು ಹಳೆಯ ದೂರಸಂಪರ್ಕ ಖಾತೆಯ ಮೂಲಕ ದಾಳಿಕೋರರು ಒಳನುಗ್ಗಿದರು. ಆ ಖಾತೆಗೆ ಗುಪ್ತಪದದ ಹೊರತು ಎರಡನೆಯ ತಪಾಸಣೆ ಇರಲಿಲ್ಲ. ದೇಶದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕೊಳವೆ ಮಾರ್ಗ ದಿನಗಟ್ಟಲೆ ನಿಂತಿತು, ಪೆಟ್ರೋಲ್ ಬಂಕ್‌ಗಳ ಮುಂದೆ ವಾಹನಗಳು ಸಾಲುಗಟ್ಟಿದವು, ಕಂಪನಿ ಸುಮಾರು 44 ಲಕ್ಷ ಡಾಲರ್ ಮೌಲ್ಯದ ಬಿಟ್‌ಕಾಯಿನ್ ತೆತ್ತಿತು. ಇದರ ಒಂದು ಪಾಲನ್ನು ಅಲ್ಲಿನ ತನಿಖಾ ಸಂಸ್ಥೆ ಆಮೇಲೆ ವಶಪಡಿಸಿಕೊಂಡಿತು.

ನೋಡುವ ಕಿಟಕಿಯೇ ಕಳ್ಳಗಿಂಡಿಯಾದರೆ?

ಸೆಟ್ಟಿಂಗ್‌ಗಳನ್ನು ತೋರಿಸುವುದು ಒಳ್ಳೆಯದೆಂದು ಎಲ್ಲವನ್ನೂ ತೋರಿಸಿದರೆ ಅದೇ ಅಪಾಯ. ವಿಂಡೋಸ್ ಸರ್ವರ್ 2008ರಲ್ಲಿ ಬಂದ ಒಂದು ಸೌಲಭ್ಯ ಇದಕ್ಕೆ ಒಳ್ಳೆಯ ನಿದರ್ಶನ. ಕಚೇರಿಯ ಎಲ್ಲ ಗಣಕಯಂತ್ರಗಳಿಗೂ ಒಂದೇ ಸಲಕ್ಕೆ ಸ್ಥಳೀಯ ಆಡಳಿತಗಾರನ ಗುಪ್ತಪದ ನಿಗದಿಪಡಿಸುವ ಅನುಕೂಲ ಅದು. ಗುಪ್ತಪದವನ್ನು ಗೂಢಲಿಪಿಯಲ್ಲಿ ಬರೆದ ಕಡತವು ಪ್ರತಿಯೊಬ್ಬ ನೌಕರನೂ ಓದಬಹುದಾದ ಹಂಚಿಕೆಯ ಕಪಾಟಿನಲ್ಲಿ ಇರುತ್ತಿತ್ತು. ಸೋಜಿಗದ ಸಂಗತಿಯೆಂದರೆ ಆ ಗೂಢಲಿಪಿಯನ್ನು ಬಿಡಿಸುವ ಕೀಲಿಯನ್ನು ಮೈಕ್ರೋಸಾಫ್ಟ್ ತನ್ನ ತಾಂತ್ರಿಕ ದಾಖಲೆಯಲ್ಲೇ ಪ್ರಕಟಿಸಿತ್ತು. 2014ರ ಮೇ ತಿಂಗಳಲ್ಲಿ ಕಂಪನಿ ಪರಿಷ್ಕರಣೆ ಹೊರಡಿಸಿ ಹೊಸದಾಗಿ ಹಾಗೆ ಬರೆಯುವುದನ್ನು ತಡೆಯಿತು. ಹಳೆಯ ಕಡತಗಳನ್ನು ಮಾತ್ರ ಅದು ಅಳಿಸಲಿಲ್ಲ. ಅಂದಿನ ಕಡತ ಇಂದಿಗೂ ಉಳಿದಿರುವ ಸಂಸ್ಥೆಗಳಲ್ಲಿ ಅದನ್ನು ಹುಡುಕಿ ಅಳಿಸಬೇಕಾದವರು ಅಲ್ಲಿನವರೇ.

ಇನ್ನೊಂದು ಅಪಾಯ ಯಾರೂ ಸಂಶಯಪಡದ ಜಾಗದಲ್ಲಿದೆ. ಕಚೇರಿಯ ಮೂಲೆಯಲ್ಲಿರುವ ದೊಡ್ಡ ಝೆರಾಕ್ಸ್-ಪ್ರಿಂಟರ್ ಯಂತ್ರಗಳು ಸ್ಕ್ಯಾನ್ ಮಾಡಿದ ಕಾಗದವನ್ನು ಮಿಂಚಂಚೆಯಲ್ಲಿ ಕಳುಹಿಸಲು ಡೈರೆಕ್ಟರಿಯಿಂದ ಹೆಸರುಗಳನ್ನು ಪಡೆಯುತ್ತವೆ. ಅದಕ್ಕಾಗಿ ಅವುಗಳ ಸೆಟ್ಟಿಂಗ್ ಪುಟದಲ್ಲಿ ಸೇವಾ ಖಾತೆಯ ಗುಪ್ತಪದ ಇರುತ್ತದೆ, ನೋಡುವವರಿಗೆ ಚುಕ್ಕೆಗಳಾಗಿ ಮಾತ್ರ ಕಾಣುತ್ತದೆ. ದಾಳಿಕೋರನಿಗೆ ಚುಕ್ಕೆಗಳ ಹಿಂದೇನಿದೆ ಎಂದು ಓದುವ ಅಗತ್ಯವೇ ಇಲ್ಲ. ಸರ್ವರ್ ವಿಳಾಸದ ಜಾಗದಲ್ಲಿ ತನ್ನ ಯಂತ್ರದ ವಿಳಾಸ ಬರೆದು ‘ಪರೀಕ್ಷಿಸು’ ಎಂಬ ಗುಂಡಿ ಒತ್ತುತ್ತಾನೆ. ಪ್ರಿಂಟರ್ ವಿಧೇಯತೆಯಿಂದ ಗುಪ್ತಪದವನ್ನು ಅವನಿಗೇ ಒಪ್ಪಿಸುತ್ತದೆ. ಯಂತ್ರದೊಂದಿಗೆ ಬಂದ ಮೂಲ ಗುಪ್ತಪದವನ್ನು ಬದಲಿಸದೆ ಬಿಟ್ಟಿರುವ ಕಡೆ ಈ ಕೆಲಸಕ್ಕೆ ವಿಶೇಷ ವಿದ್ಯೆಯೇನೂ ಬೇಡ. ವಿಳಾಸ ಬದಲಿಸಿದ ಕೂಡಲೇ ಹಳೆಯ ಗುಪ್ತಪದವನ್ನು ಮರೆತು ಮತ್ತೆ ಬರೆಯುವಂತೆ ಕೇಳುವ ಸೆಟ್ಟಿಂಗ್ ಪುಟವೇ ಸರಿಯಾದ ಪುಟ.

ನೋಡುವ ಸಾಧನಗಳು ದಾಳಿಕೋರರಿಗೂ ಪ್ರಿಯ ಎಂಬುದನ್ನು ಮುಚ್ಚಿಡಬೇಕಿಲ್ಲ. 2016ರಲ್ಲಿ ಬಿಡುಗಡೆಯಾದ ‘ಬ್ಲಡ್‌ಹೌಂಡ್’ ಎಂಬ ಸಾಧನ ಯಾವ ಖಾತೆಯಿಂದ ಯಾವ ಖಾತೆಗೆ, ಅಲ್ಲಿಂದ ಪರಮಾಧಿಕಾರಕ್ಕೆ ಹೇಗೆ ಏರಬಹುದು ಎಂಬ ನಕ್ಷೆಯನ್ನೇ ಬಿಡಿಸಿಕೊಡುತ್ತದೆ. ರಕ್ಷಣೆಯ ತಂಡಗಳು ದಾರಿ ಮುಚ್ಚಲು ಅದನ್ನು ಬಳಸುತ್ತವೆ, ನುಸುಳುವವರು ದಾರಿ ಹುಡುಕಲು. ಆ್ಯಕ್ಟಿವ್ ಡೈರೆಕ್ಟರಿಯ ಬಹುಪಾಲು ಮಾಹಿತಿಯನ್ನು ಲಾಗಿನ್ ಆದ ಯಾವ ನೌಕರನಾದರೂ ಓದಬಹುದು ಎಂಬುದು ಅದರ ಮೂಲ ಸ್ವಭಾವವೇ ಆಗಿದೆ. ಆದ್ದರಿಂದ ‘ನಾವು ನೋಡದಿದ್ದರೆ ಯಾರೂ ನೋಡುವುದಿಲ್ಲ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಪಗಾರ ಪಟ್ಟಿಯೊಂದಿಗೆ ತಾಳೆ

ಈ ಭಾಗದ ಸಕ್ಕರೆ ಕಾರ್ಖಾನೆ, ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಸಹಕಾರ ಬ್ಯಾಂಕುಗಳಂಥ ಮಧ್ಯಮ ಗಾತ್ರದ ಸಂಸ್ಥೆಗಳಿಗೆ ದುಬಾರಿ ಸಾಧನಗಳು ಬೇಕಾಗಿಲ್ಲ. ಡೈರೆಕ್ಟರಿಗೆ ಸೇರಿದ ಯಾವುದೇ ವಿಂಡೋಸ್ ಗಣಕಯಂತ್ರದಲ್ಲಿ ಕಪ್ಪು ಪರದೆ ತೆರೆದು ‘ನೆಟ್ ಅಕೌಂಟ್ಸ್’ ಎಂಬ ಆದೇಶವನ್ನು ‘ಡೊಮೇನ್’ ಎಂಬ ಸೂಚನೆಯೊಂದಿಗೆ ಕೊಟ್ಟರೆ ಗುಪ್ತಪದದ ಕನಿಷ್ಠ ಉದ್ದ, ಆಯುಷ್ಯ, ಬೀಗದ ಮಿತಿ ಎಲ್ಲವೂ ಹತ್ತಾರು ಸಾಲುಗಳಲ್ಲಿ ಮೂಡುತ್ತವೆ. ಇದಕ್ಕೆ ಆಡಳಿತಗಾರನ ಹಕ್ಕು ಬೇಡ, ಸಾಮಾನ್ಯ ನೌಕರನ ಲಾಗಿನ್ ಸಾಕು. ನಾಲ್ಕೈದು ಗಣಕಯಂತ್ರಗಳಷ್ಟೇ ಇರುವ ಸಣ್ಣ ಸಂಘಗಳಲ್ಲಿ ಬಹುಶಃ ಡೈರೆಕ್ಟರಿಯೇ ಇರುವುದಿಲ್ಲ. ಅಲ್ಲಿ ‘ಡೊಮೇನ್’ ಎಂಬುದನ್ನು ಬಿಟ್ಟು ಅದೇ ಆದೇಶ ಕೊಟ್ಟರೆ ಆಯಾ ಯಂತ್ರದ ನಿಯಮಗಳು ಕಾಣುತ್ತವೆ. ಪ್ರತಿ ಯಂತ್ರವನ್ನೂ ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ.

ಗಣಕಯಂತ್ರಗಳ ತುರ್ತು ಪ್ರತಿಕ್ರಿಯೆಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ ‘ಸರ್ಟ್-ಇನ್’ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಇಲ್ಲಿ ಪ್ರಸ್ತುತ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾದಿಡಬೇಕು, ಎಲ್ಲ ಯಂತ್ರಗಳ ಗಡಿಯಾರಗಳನ್ನು ನಿಗದಿತ ಮೂಲದೊಂದಿಗೆ ಹೊಂದಿಸಬೇಕು ಎಂದು ಅದು ಹೇಳುತ್ತದೆ. ಗಡಿಯಾರದ ಮಾತು ಕ್ಷುಲ್ಲಕವೆನಿಸಬಹುದು. ಆದರೆ ಆ್ಯಕ್ಟಿವ್ ಡೈರೆಕ್ಟರಿಯ ಲಾಗಿನ್ ವಿಧಾನದಲ್ಲಿ ನೌಕರನ ಯಂತ್ರಕ್ಕೂ ಸರ್ವರ್‌ಗೂ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಸರಿಯಾದ ಗುಪ್ತಪದವೂ ತಿರಸ್ಕೃತವಾಗಬಹುದು. ಹಳೆಯ ಯಂತ್ರದೊಳಗಿನ ಪುಟ್ಟ ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಹೋದಾಗ ಲಾಗಿನ್ ಆಗದೆ ನೌಕರರು ಪರದಾಡುವುದಕ್ಕೆ ಇದೂ ಒಂದು ಕಾರಣ.

ಎಲ್ಲಕ್ಕಿಂತ ಉಪಯುಕ್ತವಾದ ತಪಾಸಣೆಗೆ ತಾಂತ್ರಿಕ ಜ್ಞಾನ ಹೆಚ್ಚೇನೂ ಬೇಕಿಲ್ಲ. ಚಾಲ್ತಿ ಖಾತೆಗಳ ಯಾದಿಯನ್ನು ಮುದ್ರಿಸಿ ಆ ತಿಂಗಳ ಪಗಾರ ಪಟ್ಟಿಯ ಪಕ್ಕದಲ್ಲಿಟ್ಟು ಹೆಸರು ಹೆಸರನ್ನೂ ತಾಳೆ ನೋಡುವುದು. ಪಗಾರ ಇಲ್ಲದ, ಆದರೆ ಲಾಗಿನ್ ಇರುವ ಹೆಸರುಗಳು ಮೂರು ಬಗೆಯವಾಗಿರುತ್ತವೆ: ನಿವೃತ್ತರು ಅಥವಾ ವರ್ಗವಾದವರು, ಗುತ್ತಿಗೆಯ ತಂತ್ರಜ್ಞರು, ಮತ್ತು ಸೇವಾ ಖಾತೆಗಳು. ಮೊದಲನೆಯವನ್ನು ಮುಚ್ಚಬೇಕು. ಎರಡನೆಯವಕ್ಕೆ ಗುತ್ತಿಗೆ ಮುಗಿಯುವ ದಿನಾಂಕವನ್ನೇ ಖಾತೆಯ ಕೊನೆಯ ದಿನಾಂಕವಾಗಿ ನಮೂದಿಸುವ ಸೌಲಭ್ಯ ಡೈರೆಕ್ಟರಿಯಲ್ಲೇ ಇದೆ. ಮೂರನೆಯವುಗಳ ಪ್ರತಿಯೊಂದರ ಎದುರಿಗೂ ಅದು ಯಾವ ತಂತ್ರಾಂಶಕ್ಕೆ ಬೇಕು, ಅದಕ್ಕೆ ಹೊಣೆ ಯಾರು ಎಂದು ಬರೆಸಿಕೊಳ್ಳಬೇಕು.

ತಾಳೆ ನೋಡುವಾಗ ಒಂದು ಎಚ್ಚರಿಕೆ ಅಗತ್ಯ. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಎಲ್ಲ ಸರ್ವರ್‌ಗಳಿಗೂ ಹಂಚಿಕೆಯಾಗುವ ‘ಕೊನೆಯ ಲಾಗಿನ್’ ದಿನಾಂಕ ಪ್ರತಿ ಲಾಗಿನ್ನಿಗೂ ನವೀಕರಣಗೊಳ್ಳುವುದಿಲ್ಲ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು 9ರಿಂದ 14 ದಿನಗಳಷ್ಟು ಹಿಂದಿನದ್ದಾಗಿರಬಹುದು. ಯಾದಿಯಲ್ಲಿ ಹತ್ತು ದಿನದಿಂದ ಬಂದಿಲ್ಲವೆಂದು ಕಾಣುವ ನೌಕರ ಅಂದು ಬೆಳಿಗ್ಗೆಯೇ ಲಾಗಿನ್ ಆಗಿ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿರಬಹುದು.